ಅಂತರರಾಷ್ಟ್ರೀಯ ಡಿಬೇಟ್ ಸ್ಪರ್ಧೆ: ಬಂದವರನ್ನು ಬರಮಾಡಿಕೊಳ್ಳುವುದು, ಜಡ್ಜ್‌ಗಳನ್ನು ಪರಿಚಯಿಸುವುದು ಹೇಗೆ?

ಈ ವರ್ಷವೂ ಫೋನ್ ಬಂತು. "ಅಣ್ಣಾ, ಹೊರದೇಶದ ಟೀಮ್‌ಗಳು ಬರ್ತಾ ಇದಾವೆ. ಒಂದು ಒಳ್ಳೇ ಸ್ವಾಗತ ಭಾಷಣ ಬರೆದುಕೊಡಿ." ಬರೆಯೋಣ, ಮೊದಲು ರಿಜಿಸ್ಟ್ರೇಷನ್ ಡೆಸ್ಕ್‌ನಲ್ಲಿ ಯಾರು ಕೂರ್ತಾರೆ ಹೇಳಪ್ಪ ಅಂದೆ. ಆ ಕಡೆಯಿಂದ ಸದ್ದಿಲ್ಲ.

ಎಲ್ಲರೂ ಎಡವುವುದು ಇಲ್ಲೇ. ಸ್ವಾಗತ ಅಂದರೆ ವೇದಿಕೆ, ಮೈಕು, ದೀಪ, ಹಾರ ಅಂದುಕೊಳ್ಳುತ್ತೇವೆ. ಎರಡು ವಿಮಾನ ಬದಲಿಸಿ, ನಿದ್ದೆಗೆಟ್ಟು ಬಂದ ಹುಡುಗಿಗೆ ಬೇಕಾದ್ದು ಬೇರೆ. ತನ್ನ ಹೆಸರು ಸರಿಯಾಗಿರುವ ಬ್ಯಾಡ್ಜ್, ರೂಮಿನ ಬೀಗದ ಕೈ, ವೈಫೈ, ಬಿಸಿ ಊಟ, ನಾಳೆ ಎಷ್ಟು ಹೊತ್ತಿಗೆ ಎಲ್ಲಿರಬೇಕು ಅನ್ನುವ ಮಾಹಿತಿ. ಜಡ್ಜ್‌ಗಳ ಪರಿಚಯದ ಕಥೆಯೂ ಇಷ್ಟೇ. ಅವರು ಎಷ್ಟು ಕಪ್ ಗೆದ್ದಿದ್ದಾರೆ ಅಂತ ಕೇಳಿಸಿಕೊಳ್ಳಲು ಯಾರೂ ಬಂದಿರುವುದಿಲ್ಲ. ಯಾರು ಏನನ್ನು ತೀರ್ಮಾನಿಸುತ್ತಾರೆ, ತೊಂದರೆ ಆದರೆ ಯಾರ ಹತ್ತಿರ ಹೋಗಬೇಕು, ಅಷ್ಟು ತಿಳಿದರೆ ಸಾಕು.

ಇಲ್ಲಿ ಹೇಳುವುದು ಬ್ರಿಟಿಷ್ ಪಾರ್ಲಿಮೆಂಟರಿ ಮಾದರಿಯ ಟೂರ್ನಮೆಂಟ್‌ಗೆ. ಒಂದು ಕೋಣೆಯಲ್ಲಿ ನಾಲ್ಕು ಟೀಮ್, ಟೀಮಿಗೆ ಇಬ್ಬರು, ಒಬ್ಬೊಬ್ಬರಿಗೆ 7 ನಿಮಿಷ, ವಿಷಯ ಹೇಳಿದ ಮೇಲೆ ತಯಾರಿಗೆ 15 ನಿಮಿಷ. 2014ರಲ್ಲಿ ಚೆನ್ನೈಗೆ ಬಂದಿದ್ದ ವಿಶ್ವ ಮಟ್ಟದ ಟೂರ್ನಮೆಂಟ್, ಎಲ್ಲರೂ ವರ್ಲ್ಡ್ಸ್ ಅಂತ ಕರೆಯುತ್ತಾರಲ್ಲ, ಅದು ಇದೇ ಮಾದರಿಯದು. ಏಷ್ಯನ್ ಪಾರ್ಲಿಮೆಂಟರಿಯಲ್ಲಿ ಮೂವರ ಟೀಮ್ ಇರುತ್ತದೆ. ಆದರೆ ಸ್ವಾಗತದ ಕೆಲಸ ಅಲ್ಲೂ ಇದೇ.

## ಮೊದಲು ಹೊಂದಿಸಿಕೊಳ್ಳಬೇಕಾದ್ದು

ಪಟ್ಟಿ ದೊಡ್ಡದಲ್ಲ. ಪೋಸ್ಟ್‌ಕಾರ್ಡ್ ಗಾತ್ರದ ದಪ್ಪ ಕಾರ್ಡು ಒಂದು ಕಟ್ಟು, ಕಪ್ಪು ಮಾರ್ಕರ್, ಡೆಸ್ಕ್ ಪಕ್ಕದಲ್ಲೇ ಒಂದು ಪ್ರಿಂಟರ್, ಬೇಕಾದ್ದಕ್ಕಿಂತ ಇಪ್ಪತ್ತು ಜಾಸ್ತಿ ಖಾಲಿ ಬ್ಯಾಡ್ಜ್, ಎರಡು ಕಾರ್ಡ್‌ಲೆಸ್ ಮೈಕ್, ಅವಕ್ಕೆ ಹೊಸ ಸೆಲ್, ಎಕ್ಸ್‌ಟೆನ್ಷನ್ ಬೋರ್ಡು, ಹೊರದೇಶದ ಚಾರ್ಜರ್ ಚುಚ್ಚಲು ಐದಾರು ಅಡಾಪ್ಟರ್, ಒಂದು ಸ್ಟಾಪ್‌ವಾಚ್.

ಜನ ಎಷ್ಟು ಬೇಕು? ನೂರು ಟೀಮಿನ ಒಳಗಾದರೆ ಡೆಸ್ಕ್‌ಗೆ ಆರು, ಗೇಟಿಗೆ ಇಬ್ಬರು, ವೇದಿಕೆಗೆ ಒಬ್ಬರೇ ನಿರೂಪಕರು. ಒಬ್ಬರ ಮಾತು ಮುಗಿಯುವ ಮೊದಲೇ ಇನ್ನೊಬ್ಬರು ಎತ್ತಿಕೊಳ್ಳುವ ಜೋಡಿ ನಿರೂಪಣೆ ಕಾಲೇಜ್ ಡೇಗೆ ಚೆನ್ನ. ಇಲ್ಲಿ ಬೇಡ.

## ಹಂತ 1: ಹೆಸರಿನ ಪಟ್ಟಿ, ಮೂರು ವಾರ ಮುಂಚೆ

ನನ್ನ ಮಟ್ಟಿಗೆ ಅರ್ಧ ಕೆಲಸ ಇದೇ. ನೋಂದಣಿ ಫಾರ್ಮಿನಲ್ಲಿ ಹೆಸರಿಗೆ ಮೂರು ಕಾಲಂ ಇಡಿ. ಪಾಸ್‌ಪೋರ್ಟಿನಲ್ಲಿ ಇರುವ ಹೆಸರು, ಕರೆಯಬೇಕಾದ ಹೆಸರು, ಉಚ್ಚಾರ. ಮೊದಲನೆಯದು ವೀಸಾ ಆಹ್ವಾನ ಪತ್ರಕ್ಕೆ, ಒಂದಕ್ಷರ ಆಚೀಚೆ ಆಗುವ ಹಾಗಿಲ್ಲ. ಎರಡನೆಯದು ಬ್ಯಾಡ್ಜಿಗೆ. ಮೂರನೆಯದು ನಿರೂಪಕರಿಗೆ. ಒಂದೇ ಕಾಲಂ ಇಟ್ಟರೆ ಆಹ್ವಾನ ಪತ್ರ ಅಥವಾ ಬ್ಯಾಡ್ಜ್, ಎರಡರಲ್ಲಿ ಒಂದು ಕೆಡುತ್ತದೆ.

ಇದು ನಮಗೇ ಬೇಗ ಅರ್ಥ ಆಗಬೇಕು. ನಮ್ಮಲ್ಲಿ ಸರ್‌ನೇಮ್ ಇಲ್ಲದವರು ಎಷ್ಟು ಜನ! ಇನಿಷಿಯಲ್ ಬಿಡಿಸಿದರೆ ಊರಿನ ಹೆಸರು, ಅಪ್ಪನ ಹೆಸರು. ಪಾಸ್‌ಪೋರ್ಟ್ ಮಾಡಿಸುವಾಗ ಅಪ್ಪನ ಹೆಸರೇ ಸರ್‌ನೇಮ್ ಆಗಿ ಕೂರುತ್ತದೆ. ಆಮೇಲೆ ಹೊರದೇಶದಲ್ಲಿ "ಮಿಸ್ಟರ್ ನಂಜುಂಡಪ್ಪ" ಅಂತ ಕರೆದಾಗ ಮಗ ತಿರುಗಿಯೂ ನೋಡುವುದಿಲ್ಲ, ಅಪ್ಪ ಊರಲ್ಲಿದ್ದಾರೆ. ಮಲಯ್ ಹೆಸರುಗಳದ್ದೂ ಹೀಗೇ. 'ಬಿನ್' ಅಥವಾ 'ಬಿಂತಿ' ಆದ ಮೇಲೆ ಬರುವುದು ತಂದೆಯ ಹೆಸರು. ನಮ್ಮ ಪಹಣಿಯಲ್ಲಿ 'ರಾಮಯ್ಯ ಬಿನ್ ತಿಮ್ಮಯ್ಯ' ಅಂತ ಇರುತ್ತದಲ್ಲ, ಅದೇ ಬಿನ್. ಬಂದವನು ರಾಮಯ್ಯ. ಅವನನ್ನು ತಿಮ್ಮಯ್ಯ ಅಂತ ಕರೆಯಬೇಡಿ.

ಚೀನಾ, ಕೊರಿಯಾ, ವಿಯೆಟ್ನಾಂನವರಲ್ಲಿ ಮನೆತನದ ಹೆಸರು ಮೊದಲು ಬರುತ್ತದೆ. ವಿಯೆಟ್ನಾಂನವರನ್ನು ಕರೆಯುವುದು ಕೊನೆಯಲ್ಲಿರುವ ಹೆಸರಿನಿಂದ. ಇನ್ನು ಪಟ್ಟಿಯಲ್ಲಿ ಎಲ್ಲಾದರೂ 'ಎಫ್‌ಎನ್‌ಯು' ಅಂತ ಕಂಡರೆ ಅದು ಹೆಸರಲ್ಲ. ಮೊದಲ ಹೆಸರು ಬೇರೆಯಾಗಿ ಇಲ್ಲದವರಿಗೆ ಅಮೆರಿಕದ ವೀಸಾದಲ್ಲಿ ಹಾಕುವ ಗುರುತು. ಅದನ್ನೇ ಬ್ಯಾಡ್ಜಿನ ಮೇಲೆ ದಪ್ಪಕ್ಷರದಲ್ಲಿ ಅಚ್ಚು ಹಾಕಿದ್ದನ್ನು ನಾನೇ ಕಣ್ಣಾರೆ ನೋಡಿದ್ದೇನೆ.

ಉಚ್ಚಾರದ ವಿಷಯಕ್ಕೆ ಬನ್ನಿ. ಸ್ಪೆಲಿಂಗ್ ನೋಡಿ ಊಹಿಸಬೇಡಿ. ವೇದಿಕೆ ಮೇಲೆ ಕರೆಯುವವರೆಲ್ಲರಿಂದ ಐದು ಸೆಕೆಂಡಿನ ವಾಯ್ಸ್ ನೋಟ್ ತರಿಸಿಕೊಳ್ಳಿ. ಕೇಳಿ, ಕೇಳಿದ ಹಾಗೇ ಕನ್ನಡದಲ್ಲಿ ಬರೆದುಕೊಳ್ಳಿ. ಈ ಅನುಕೂಲ ಇಂಗ್ಲಿಷ್ ಲಿಪಿಯವರಿಗಿಲ್ಲ. ಐರ್ಲೆಂಡಿನ ಒಂದು ಹೆಸರಿದೆ, ಸ್ಪೆಲಿಂಗ್ ಓದಿದರೆ 'ಸಿಯೋಭನ್' ಅಂತೀರಿ. ಅದು 'ಶಿವಾನ್'. ಪೋಲೆಂಡಿನವನನ್ನು 'ಲುಕಾಸ್ಜ್' ಅಂತೀರಿ. ಅವನು 'ವೂಕಾಶ್'. ವಿಯೆಟ್ನಾಂನ ಆ ಹೆಸರಂತೂ ಎಲ್ಲರನ್ನೂ ಕಾಡುತ್ತದೆ. 'ಎನ್‌ಗುಯೆನ್' ಅಂತ ಒದ್ದಾಡುತ್ತಾರೆ. ಅದರ ಮೊದಲ ಸದ್ದು ನಮ್ಮ 'ಙ'. ಒಂದನೇ ಕ್ಲಾಸಿನಲ್ಲಿ ಕ ಖ ಗ ಘ ಆದ ಮೇಲೆ ರಾಗವಾಗಿ ಹೇಳಿ ಅಲ್ಲೇ ಬಿಟ್ಟುಬಂದ ಅಕ್ಷರ. 'ಙ್ವಿಯೆನ್' ಅಂತ ಕಾರ್ಡಿನ ಮೇಲೆ ಬರೆದು ಓದಿ. ಅವರ ಭಾಷೆಯ ಏರಿಳಿತ ಬರದಿದ್ದರೂ ಹತ್ತಿರ ಹೋಗುತ್ತೀರಿ. ಇಂಗ್ಲಿಷಿನ ಝಡ್, ಎಫ್ ಸದ್ದಿಗೆ ಜ಼, ಫ಼ ಅಂತ ಎರಡು ಚುಕ್ಕಿ ಇಟ್ಟುಕೊಳ್ಳಿ.

ಬರೆದುಕೊಂಡರೆ ಮುಗಿಯಲಿಲ್ಲ. ಸಮಾರಂಭದ ದಿನ ಆ ವ್ಯಕ್ತಿ ಎದುರು ಸಿಕ್ಕಾಗ ಒಮ್ಮೆ ಕರೆದು ತೋರಿಸಿ, ಸರಿ ಇದೆಯಾ ಕೇಳಿ. ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ. ಕೇಳದೆ ತಪ್ಪಾಗಿ ಕರೆದರೇ ಬೇಜಾರು.

ಇದೇ ಫಾರ್ಮಿನಲ್ಲಿ ಊಟದ ಪಥ್ಯ, ಅಲರ್ಜಿ, ತಮ್ಮನ್ನು 'ಹೀ', 'ಶೀ', 'ದೇ' ಇವುಗಳಲ್ಲಿ ಹೇಗೆ ಹೇಳಬೇಕು ಅನ್ನುವುದನ್ನೂ ಕೇಳಿ. ಯಾವ ಜಡ್ಜ್‌ಗೆ ಯಾವ ಟೀಮ್ ಬೇಡ, ಅಂದರೆ ಸಂಬಂಧ, ಸ್ನೇಹ, ಜಗಳ, ಕೋಚಿಂಗ್, ಈ ಮಾಹಿತಿ ಮಾತ್ರ ಬೇರೆ ಫಾರ್ಮಿನಲ್ಲಿ ನೇರವಾಗಿ ಚೀಫ್ ಅಡ್ಜುಡಿಕೇಟರ್‌ಗೆ, ಅಂದರೆ ಜಡ್ಜ್‌ಗಳ ಮುಖ್ಯಸ್ಥರಿಗೆ, ಹೋಗಬೇಕು. ಸ್ವಾಗತ ಸಮಿತಿಯ ವಾಟ್ಸಾಪ್ ಗ್ರೂಪಿನಲ್ಲಿ ಆ ಪಟ್ಟಿ ಕಾಣಿಸಿತು ಅಂದರೆ ಅಪಾಯದ ಗಂಟೆ ಹೊಡೆದ ಹಾಗೆ.

## ಹಂತ 2: ವಿಮಾನ ನಿಲ್ದಾಣದಿಂದ ಗೇಟಿನವರೆಗೆ

ಬೆಂಗಳೂರಿನಲ್ಲಿ ನಡೆಸುವವರಿಗೆ ಎರಡು ಮಾತು. ಹೊರದೇಶದ ವಿಮಾನಗಳು ಬಂದಿಳಿಯುವುದು ಟರ್ಮಿನಲ್ 2ರಲ್ಲಿ. ಹಲವು ನಡುರಾತ್ರಿಯಿಂದ ಬೆಳಗಿನ ಜಾವದೊಳಗೆ ಇಳಿಯುತ್ತವೆ. ದೇವನಹಳ್ಳಿಯಿಂದ ಊರೊಳಗೆ ಬರಲು ಹಗಲಾದರೆ ಟ್ರಾಫಿಕ್ಕು, ರಾತ್ರಿಯಾದರೆ ಭಯ. "ಕ್ಯಾಬ್ ಮಾಡಿಕೊಂಡು ಬನ್ನಿ" ಅಂತ ಮೆಸೇಜ್ ಹಾಕಿ ಮಲಗಬೇಡಿ. ಬರುವವರನ್ನು ಮೂರು ನಾಲ್ಕು ಗುಂಪು ಮಾಡಿ ವ್ಯಾನ್ ಕಳಿಸಿ. ಬೋರ್ಡಿನ ಮೇಲೆ ಕಾಲೇಜಿನ ಹೆಸರಿಗಿಂತ ಟೂರ್ನಮೆಂಟಿನ ಹೆಸರು ದೊಡ್ಡದಾಗಿರಲಿ. ನಿಮ್ಮ ಕಾಲೇಜಿನ ಹೆಸರು ಅವರಿಗೆ ನೆನಪಿರುವುದಿಲ್ಲ.

ಹಾಸ್ಟೆಲಿನಲ್ಲಿ ಇಳಿಸುತ್ತೀರಾ? ಹಾಗಾದರೆ ವಿದೇಶಿಯರು ಬಂದು 24 ಗಂಟೆಯೊಳಗೆ ಅವರ ವಿವರವನ್ನು ವಿದೇಶಿಯರ ನೋಂದಣಿ ಕಚೇರಿಗೆ ಆನ್‌ಲೈನಿನಲ್ಲಿ ಕೊಡಬೇಕು. ಹೋಟೆಲಿನವರು 'ಸಿ ಫಾರ್ಮ್' ಅನ್ನುವುದು ಇದಕ್ಕೇ. ಹೋಟೆಲ್ ಆದರೆ ಅವರೇ ಮಾಡುತ್ತಾರೆ. ಹಾಸ್ಟೆಲ್ ಆದರೆ ವಾರ್ಡನ್ ಹೆಸರಿನಲ್ಲಿ ಮುಂಚೆಯೇ ಲಾಗಿನ್ ಮಾಡಿಸಿಡಿ. ಆ ರಾತ್ರಿ ಮಾಡಲು ಹೋದರೆ ಆಗುವುದಿಲ್ಲ.

ಗೇಟಿನ ಸೆಕ್ಯುರಿಟಿಯವರಿಗೆ ಒಂದು ಪ್ರಿಂಟ್ ಕೊಡಿ, ಕನ್ನಡದಲ್ಲಿ. "ಈ ನಾಲ್ಕು ದಿನ ಈ ಬ್ಯಾಡ್ಜ್ ಇದ್ದವರನ್ನು ಎಷ್ಟು ಹೊತ್ತಿನಲ್ಲಾದರೂ ಒಳಗೆ ಬಿಡಿ. ಅನುಮಾನ ಇದ್ದರೆ ಈ ನಂಬರಿಗೆ ಫೋನ್ ಮಾಡಿ." ಇದನ್ನು ಮರೆತ ಕಡೆಯೆಲ್ಲ ಒಂದೇ ದೃಶ್ಯ. ಬೆಳಗಿನ ಜಾವ ನಾಲ್ಕು ಗಂಟೆ, ಗೇಟಿನ ಮುಂದೆ ನಾಲ್ಕು ಸೂಟ್‌ಕೇಸ್, ಒಳಗಡೆಯಿಂದ "ಯಾರ್ರೀ ನೀವು?"

## ಹಂತ 3: ರಿಜಿಸ್ಟ್ರೇಷನ್ ಡೆಸ್ಕ್

ಇಲ್ಲಿ ಕ್ರಮ ಮುಖ್ಯ. ಮೊದಲು ನೀರು, ಕುರ್ಚಿ. ಆಮೇಲೆ ಬ್ಯಾಡ್ಜ್. ಹೆಸರು ಸರಿ ಇದೆಯಾ ಅಂತ ಅವರಿಂದಲೇ ಓದಿಸಿ. ತಪ್ಪಿದ್ದರೆ ಅಲ್ಲೇ ಹೊಸದು ಅಚ್ಚು ಹಾಕಿ. ಪೆನ್ನಿನಿಂದ ತಿದ್ದಿದ ಬ್ಯಾಡ್ಜ್ ಹಾಕಿಕೊಂಡು ನಾಲ್ಕು ದಿನ ಓಡಾಡುವುದು ಯಾರಿಗೂ ಇಷ್ಟ ಇರುವುದಿಲ್ಲ. ಆಮೇಲೆ ರೂಮಿನ ಕೀ, ಒಂದು ಪುಟದ ವೇಳಾಪಟ್ಟಿ, ಊಟದ ಕೂಪನ್. ಸಹಿ, ಝೆರಾಕ್ಸು, ಬಾಕಿ ಹಣ ಎಲ್ಲ ಕೊನೆಗೆ, ಬೇರೆ ಟೇಬಲಿನಲ್ಲಿ. ನಮ್ಮ ಕಡೆ ಇದು ಉಲ್ಟಾ ನಡೆಯುತ್ತದೆ. ಬಂದ ಕೂಡಲೇ "ಫೀಸ್ ಬಾಕಿ ಇದೆ" ಅಂತ ಶುರು.

ಸಾಲು ಮೂರು ಇರಲಿ. ಸ್ಪೀಕರ್‌ಗಳಿಗೆ ಒಂದು, ಜಡ್ಜ್‌ಗಳಿಗೆ ಒಂದು, ತಕರಾರು ಇರುವವರಿಗೆ ಒಂದು. ಮೂರನೆಯದರಲ್ಲಿ ನಿಮ್ಮಲ್ಲೇ ಅತ್ಯಂತ ತಾಳ್ಮೆ ಇರುವವರನ್ನು ಕೂರಿಸಿ. ಅವರಿಗೆ ರೂಮ್ ಬದಲಿಸುವ ಅಧಿಕಾರವೂ ಇರಲಿ. "ಕೇಳಿ ಹೇಳ್ತೀನಿ" ಅನ್ನುವವರು ಆ ಕುರ್ಚಿಯಲ್ಲಿ ಕೂತು ಪ್ರಯೋಜನ ಇಲ್ಲ.

ಟ್ಯಾಬ್‌ಗೆ, ಅಂದರೆ ಯಾವ ಟೀಮ್ ಯಾವ ಕೋಣೆಗೆ, ಅಂಕ ಎಷ್ಟು ಅನ್ನುವ ಲೆಕ್ಕಕ್ಕೆ, ಬಹಳ ಕಡೆ ಟ್ಯಾಬಿಕ್ಯಾಟ್ ಅನ್ನುವ ಸಾಫ್ಟ್‌ವೇರ್ ಬಳಸುತ್ತಾರೆ. ಬಾರ್‌ಕೋಡ್ ಸ್ಕ್ಯಾನ್ ಮಾಡಿ ಹಾಜರಿ ಹಾಕುವ ವ್ಯವಸ್ಥೆ ಅದರಲ್ಲಿದೆ. ಬ್ಯಾಡ್ಜ್ ಹಿಂಬದಿ ಆ ಬಾರ್‌ಕೋಡ್ ಅಚ್ಚು ಹಾಕಿದರೆ ಪ್ರತಿ ದಿನದ ಹಾಜರಿ ನಿಮಿಷಗಳಲ್ಲಿ ಮುಗಿಯುತ್ತದೆ. ಟ್ಯಾಬಿನವರನ್ನು ಕೇಳದೆ ಬ್ಯಾಡ್ಜ್ ಪ್ರಿಂಟಿಗೆ ಕೊಡಬೇಡಿ.

ಇನ್ನು ಮೂರು ಸಣ್ಣ ಸಂಗತಿ, ಮೂರರಲ್ಲೂ ಎಲ್ಲರೂ ಸಿಕ್ಕಿಬೀಳುತ್ತಾರೆ. ಕ್ಯಾಂಪಸ್ ವೈಫೈಗೆ ಒಟಿಪಿ ಬೇಕು ಅಂದರೆ ಹೊರದೇಶದ ನಂಬರಿಗೆ ಬಾರದೇ ಹೋಗಬಹುದು. ಪಾಸ್‌ವರ್ಡ್ ಇರುವ ಬೇರೆ ನೆಟ್‌ವರ್ಕ್ ಕೇಳಿ ಇಟ್ಟುಕೊಳ್ಳಿ. ಕ್ಯಾಂಟೀನಿನವರು ಯುಪಿಐ ಬಿಟ್ಟು ಚಿಲ್ಲರೆ ಮುಟ್ಟುವುದಿಲ್ಲ ಅಂದರೆ ಬಂದವರು ಟೀ ಕುಡಿಯುವುದೂ ಕಷ್ಟ. ಕೂಪನ್ ಮಾಡಿ. ಖಾರದ ವಿಷಯ ನಾನು ಹೇಳಬೇಕಿಲ್ಲ. ಮೊಸರನ್ನ ಎಲ್ಲರಿಗೂ ಸಾಕಾಗುವಷ್ಟು ಇರಲಿ.

ಕೆಡುತ್ತಿದೆ ಅನ್ನುವ ಸೂಚನೆ ಏನು? ಸಾಲಿನಲ್ಲಿ ಹದಿನೈದಕ್ಕಿಂತ ಜಾಸ್ತಿ ಜನ. ಸ್ವಯಂಸೇವಕರು ಒಬ್ಬರಿಗೇ ಮೂರನೇ ಸಲ "ಒಂದ್ನಿಮಿಷ" ಅನ್ನುವುದು. ಬಂದವರು ನೆಲದ ಮೇಲೆ ಕೂರುವುದು. ಹೀಗಾದಾಗ ಡೆಸ್ಕ್ ಮುಂದೆ ನಿಂತು ಕೂಗಾಡಬೇಡಿ. ಎಲ್ಲರಿಗೂ ಕೀ ಮತ್ತು ಬ್ಯಾಡ್ಜ್ ಕೊಟ್ಟು ಕಳಿಸಿ, ಉಳಿದದ್ದು ಸಂಜೆಗೆ ಅಂದುಬಿಡಿ.

## ಹಂತ 4: ಸಭಾಂಗಣ

ಇದನ್ನು ಬೇಗ ಮುಗಿಸುತ್ತೇನೆ. ಮೈಕ್ ಟೆಸ್ಟ್ ಅಂದರೆ "ಹಲೋ ಹಲೋ" ಅಲ್ಲ, ಕೊನೆಯ ಸಾಲಿನಲ್ಲಿ ಒಬ್ಬರನ್ನು ಕೂರಿಸಿ ಪೂರ್ತಿ ವಾಕ್ಯ ಓದುವುದು. ಮುಂದಿನ ಎರಡು ಸಾಲು ಅತಿಥಿಗಳಿಗೆ ಅಂತ ಬಿಳಿ ಬಟ್ಟೆ ಹೊದಿಸಿ ಖಾಲಿ ಬಿಡಬೇಡಿ. ಪರದೆಯ ಮೇಲೆ ವೈಫೈ ಪಾಸ್‌ವರ್ಡ್, ತುರ್ತು ನಂಬರ್, ಮುಂದಿನ ಊಟದ ಸಮಯ, ಈ ಮೂರು ಸದಾ ಇರಲಿ. ಮುಖ್ಯ ಅತಿಥಿ ಇದ್ದರೆ ಅವರ ಮಾತಿಗೆ ಐದು ನಿಮಿಷ ಅಂತ ಆಹ್ವಾನ ಕೊಡುವಾಗಲೇ ಹೇಳಿ. ಅವರು ತಡವಾದರೆ ಕಾಯದೆ ಶುರು ಮಾಡುತ್ತೇವೆ ಅಂತ ಪ್ರಿನ್ಸಿಪಾಲರಿಂದ ಮುಂಚೆಯೇ ಒಪ್ಪಿಗೆ ತೆಗೆದುಕೊಳ್ಳಿ. ಇದೊಂದು ಕಷ್ಟದ ಮಾತು ಅಂತ ಗೊತ್ತು. ಆದರೂ ತೆಗೆದುಕೊಳ್ಳಿ.

## ಹಂತ 5: ವೇದಿಕೆಯ ಸ್ವಾಗತ, ಹನ್ನೆರಡು ನಿಮಿಷ

ನಾನು ಮೊದಲ ಸಲ ಮೈಕ್ ಹಿಡಿದಾಗ ಉದ್ಘಾಟನೆ ಎರಡು ಗಂಟೆ ನಲವತ್ತು ನಿಮಿಷ ನಡೆಯಿತು. ಪ್ರಾರ್ಥನೆ, ದೀಪ, ಎರಡು ಸ್ವಾಗತ ನೃತ್ಯ, ಆರು ಜನರಿಗೆ ಶಾಲು-ಹಾರ-ಹಣ್ಣಿನ ಬುಟ್ಟಿ, ನಾಲ್ಕು ಭಾಷಣ. ಮೂರನೇ ಸಾಲಿನಲ್ಲಿ ಒಬ್ಬ ಹುಡುಗ ಬ್ಯಾಗನ್ನೇ ದಿಂಬು ಮಾಡಿಕೊಂಡು ನಿದ್ದೆ ಹೋಗಿದ್ದ. ಅವನ ಊರಿನಲ್ಲಿ ಆಗ ಬೆಳಗಿನ ಜಾವ ಮೂರು ಗಂಟೆ. ಅವನನ್ನು ನೋಡುತ್ತಾ ನಾನು "ನಿಮ್ಮ ಉತ್ಸಾಹಕ್ಕೆ ಧನ್ಯವಾದ" ಅಂತ ಓದುತ್ತಿದ್ದೆ.

ಈಗ ಹೀಗೆ ಮಾಡುತ್ತೇನೆ. ದೀಪ ಒಂದೇ, ಎರಡು ನಿಮಿಷ, ಯಾಕೆ ಹಚ್ಚುತ್ತೇವೆ ಅಂತ ಒಂದು ವಾಕ್ಯ. ಸ್ವಾಗತದ ಮಾತು ಮೂರು ನಿಮಿಷ. ಮಾಹಿತಿ ನಾಲ್ಕು ನಿಮಿಷ. ಉಳಿದ ಮೂರು ನಿಮಿಷ ಅತಿಥಿ ಎರಡು ಮಾತು ಜಾಸ್ತಿ ಆಡಿದರೆ ಹೊಂದಿಸಲು. ನೃತ್ಯ ಇರಬೇಕು ಅಂದರೆ ರಾತ್ರಿ ಊಟದ ಜೊತೆ ಇಡಿ, ಆಗ ಖುಷಿಯಿಂದ ನೋಡುತ್ತಾರೆ.

ಸ್ವಾಗತದ ಮೂರು ನಿಮಿಷದಲ್ಲಿ ಏನು ಹೇಳುವುದು? ಎಲ್ಲ ವಿಶ್ವವಿದ್ಯಾಲಯಗಳ ಹೆಸರು ಓದುವ ಆಸೆ ಬರುತ್ತದೆ. ಬೇಡ. ಅರವತ್ತು ಹೆಸರು ಓದುತ್ತೀರಿ, ಅರವತ್ತೊಂದನೆಯದು ಬಿಟ್ಟುಹೋಗುತ್ತದೆ, ಅದು ನೆನಪಿನಲ್ಲಿ ಉಳಿಯುತ್ತದೆ. ದೇಶಗಳನ್ನು ಪರದೆಯ ಮೇಲೆ ಅಕಾರಾದಿಯಾಗಿ ತೋರಿಸಿ, ಮೊದಲ ಸಲ ಬಂದವರು ಕೈ ಎತ್ತಿ ಅನ್ನಿ. ಅವರಿಗೆ ಒಂದು ಚಪ್ಪಾಳೆ. ಡಿಬೇಟ್‌ನವರು ಚಪ್ಪಾಳೆಗಿಂತ ಮೇಜು ಕುಟ್ಟುವುದೇ ಜಾಸ್ತಿ, ಗಾಬರಿಯಾಗಬೇಡಿ.

ಮಾತು ಇಂಗ್ಲಿಷಿನಲ್ಲೇ ಇರುತ್ತದೆ. ಆದರೆ ಕೂತವರಲ್ಲಿ ಎಷ್ಟೋ ಜನರಿಗೆ ಅದು ಎರಡನೇ, ಮೂರನೇ ಭಾಷೆ. ಅದಕ್ಕೇ ವರ್ಲ್ಡ್ಸ್‌ನಲ್ಲಿ ಅಂಥವರಿಗೆ ಪ್ರತ್ಯೇಕ ವಿಭಾಗಗಳೇ ಇವೆ. ನಿಧಾನ, ಸಣ್ಣ ವಾಕ್ಯ. ಕವಿತೆ, ಗಾದೆ, ಒಳಜೋಕು ಬೇಡ. ಕನ್ನಡ ಬೇಕೇಬೇಕು ಅನಿಸಿದರೆ ಒಂದು ವಾಕ್ಯ ಕಲಿಸಿ, "ಊಟ ಆಯ್ತಾ?" ಅಂತ. ಇಲ್ಲಿ ಯಾರಾದರೂ ಹೀಗೆ ಕೇಳಿದರೆ ಅದು ಪ್ರಶ್ನೆ ಮಾತ್ರ ಅಲ್ಲ, ನಮಸ್ಕಾರವೂ ಹೌದು ಅಂತ ಹೇಳಿ. ಕ್ಯಾಂಟೀನಿನ ಅಜ್ಜಿಗೆ ಅವರು ವಾರವಿಡೀ ಅದನ್ನೇ ಹೇಳುತ್ತಾ ಹೋಗುತ್ತಾರೆ.

ಮಾಹಿತಿಯ ನಾಲ್ಕು ನಿಮಿಷದ ಅರ್ಥ ಹೀಗಿರಲಿ: "ನಾಳೆ ಎಂಟೂವರೆಗೆ ಹಾಜರಿ ಮುಚ್ಚುತ್ತದೆ. ಬಸ್ಸು ಹಾಸ್ಟೆಲ್ ಮುಂದೆ ಏಳೂಮುಕ್ಕಾಲಿಗೆ. ಊಟ ಇದೇ ಕಟ್ಟಡದ ನೆಲಮಹಡಿ. ಹುಷಾರಿಲ್ಲದಿದ್ದರೆ ಈ ಹಸಿರು ಟೀ ಶರ್ಟಿನವರಿಗೆ ಹೇಳಿ." ಹಸಿರು ಟೀ ಶರ್ಟಿನವರನ್ನು ಎದ್ದು ನಿಲ್ಲಿಸಿ ತೋರಿಸಿ.

## ಹಂತ 6: ಜಡ್ಜ್‌ಗಳ ಪರಿಚಯ

ಮೊದಲ ಪ್ರಶ್ನೆ, ಯಾರನ್ನು ವೇದಿಕೆಗೆ ಕರೆಯುವುದು? ಎಲ್ಲರನ್ನೂ ಅಲ್ಲ. ವರ್ಲ್ಡ್ಸ್‌ನಂಥ ಕಡೆ ವಿಶ್ವವಿದ್ಯಾಲಯಗಳು ತಮ್ಮ ಟೀಮ್‌ಗಳ ಸಂಖ್ಯೆಗಿಂತ ಒಂದು ಕಡಿಮೆ ಜಡ್ಜ್‌ಗಳನ್ನು ಕರೆತರಬೇಕು ಅನ್ನುವ ಪದ್ಧತಿ ಇದೆ. ಇದರ ಮೇಲೆ ಸ್ವತಂತ್ರ ಜಡ್ಜ್‌ಗಳು ಬೇರೆ. ಸೇರಿದರೆ ನೂರು ದಾಟುತ್ತದೆ. ಅವರನ್ನೆಲ್ಲ ಕೂತಲ್ಲೇ ಒಟ್ಟಿಗೆ ಎದ್ದು ನಿಲ್ಲಲು ಹೇಳಿದರೆ ಸಾಕು.

ವೇದಿಕೆಗೆ ಬರಬೇಕಾದವರು ಚೀಫ್ ಅಡ್ಜುಡಿಕೇಟರ್‌ಗಳು, ಅವರ ಡೆಪ್ಯುಟಿಗಳು, ಆಮೇಲೆ ಇಕ್ವಿಟಿ ಅಧಿಕಾರಿಗಳು, ಕೊನೆಗೆ ಟ್ಯಾಬ್ ನೋಡಿಕೊಳ್ಳುವವರು. ಈ ಕ್ರಮ ತಪ್ಪಿಸಬೇಡಿ. ಇಕ್ವಿಟಿಯವರನ್ನು ಮರೆಯುವುದು ತುಂಬಾ ಸಾಮಾನ್ಯವಾದ ತಪ್ಪು. ಯಾರಾದರೂ ಅವಮಾನ ಮಾಡಿದರೆ, ಕಿರುಕುಳ ಕೊಟ್ಟರೆ ದೂರು ಹೇಳಬೇಕಾದ್ದು ಇವರ ಹತ್ತಿರ. ಮುಖ ಗೊತ್ತಿಲ್ಲದಿದ್ದರೆ ಯಾರ ಹತ್ತಿರ ಹೇಳುವುದು?

ಒಬ್ಬೊಬ್ಬರಿಗೆ ಒಂದು ಕಾರ್ಡು, ಅದರ ಮೇಲೆ ಮೂರೇ ಸಾಲು. ಉಚ್ಚಾರದ ಹಾಗೆ ಬರೆದ ಹೆಸರು. ಯಾವ ಊರಿನಿಂದ ಬಂದವರು. ಈ ಟೂರ್ನಮೆಂಟಿನಲ್ಲಿ ಅವರ ಕೆಲಸ ಏನು. ಇಪ್ಪತ್ತು ಸೆಕೆಂಡಿನಲ್ಲಿ ಮುಗಿಯಬೇಕು. ಅರ್ಥ ಇಷ್ಟು:

"ಇವರು ಶಿವಾನ್, ಡಬ್ಲಿನ್‌ನಿಂದ. ಇಲ್ಲಿಯ ಚೀಫ್ ಅಡ್ಜುಡಿಕೇಟರ್‌ಗಳಲ್ಲಿ ಒಬ್ಬರು. ಪ್ರತಿ ಸುತ್ತಿನ ವಿಷಯ ಇಡುವುದು, ಯಾವ ಕೋಣೆಗೆ ಯಾವ ಜಡ್ಜ್ ಅಂತ ಹಂಚುವುದು ಇವರ ತಂಡದ ಕೆಲಸ. ತೀರ್ಪಿನ ಬಗ್ಗೆ ಪ್ರಶ್ನೆ ಇದ್ದರೆ ಮೊದಲು ನಿಮ್ಮ ಕೋಣೆಯ ಚೇರ್ ಹತ್ತಿರ ಕೇಳಿ, ಆಮೇಲೆ ಇವರ ಹತ್ತಿರ."

ಅಷ್ಟೇ. ಚೇರ್ ಅಂದರೆ ಆ ಕೋಣೆಯ ಮುಖ್ಯ ಜಡ್ಜ್. ಬಯೋಡೇಟಾ ಓದಬೇಡಿ ಅನ್ನುವುದಕ್ಕೆ ಸಮಯ ಒಂದೇ ಕಾರಣ ಅಲ್ಲ. "ಇವರು ಜಲವಿವಾದಗಳ ಬಗ್ಗೆ ಪಿಎಚ್‌ಡಿ ಮಾಡುತ್ತಿದ್ದಾರೆ" ಅಂದಿರಿ ಅನ್ನಿ. ಕೆಳಗೆ ಕೂತ ಇನ್ನೂರು ಜನ ಆ ರಾತ್ರಿ ನದಿ ಒಪ್ಪಂದಗಳನ್ನು ಓದುತ್ತಾರೆ. ವಿಷಯ ಇಡುವವರ ಆಸಕ್ತಿ ಗೊತ್ತಾದರೆ ವಿಷಯದ ವಾಸನೆ ಸಿಕ್ಕ ಹಾಗೆ.

ಇನ್ನೊಂದು ನಾನೇ ಮಾಡಿದ ಎಡವಟ್ಟು. ಒಬ್ಬ ಡೆಪ್ಯುಟಿಯನ್ನು ಪರಿಚಯಿಸುವಾಗ, ಬರೆದುಕೊಂಡಿದ್ದನ್ನು ಬಿಟ್ಟು, ಹುಮ್ಮಸ್ಸಿನಲ್ಲಿ "ಇವರು ತರಬೇತಿ ಕೊಟ್ಟ ಹುಡುಗರೂ ಇವತ್ತು ಇಲ್ಲೇ ಇದ್ದಾರೆ" ಅಂದೆ. ಹೊಗಳಿದೆ ಅಂದುಕೊಂಡಿದ್ದೆ. ಸಮಾರಂಭ ಮುಗಿಯುವ ಮೊದಲೇ ಎರಡು ಟೀಮ್‌ಗಳು ದೂರು ಕೊಟ್ಟವು. ಪಾಪ, ಆ ಡೆಪ್ಯುಟಿ ಈ ಸಂಬಂಧವನ್ನು ಮೊದಲೇ ಫಾರ್ಮಿನಲ್ಲಿ ಬರೆದುಕೊಟ್ಟಿದ್ದರು, ಆ ಟೀಮ್ ಇರುವ ಕೋಣೆ ಅವರಿಗೆ ಬೀಳುವ ಹಾಗೇ ಇರಲಿಲ್ಲ. ಆದರೆ ಅನುಮಾನ ಹುಟ್ಟಿಸಿದ್ದು ನನ್ನ ಬಾಯಿ. ಈಗ ಪರಿಚಯದ ಕೊನೆಗೆ ಎಲ್ಲರಿಗೂ ಸೇರಿಸಿ ಒಂದೇ ವಾಕ್ಯ ಹೇಳುತ್ತೇನೆ: "ಇಲ್ಲಿರುವ ಯಾರೂ ತಮಗೆ ಸಂಬಂಧ ಇರುವ ಟೀಮನ್ನು ಜಡ್ಜ್ ಮಾಡುವುದಿಲ್ಲ. ಅಂಥದ್ದೇನಾದರೂ ನಿಮ್ಮ ಗಮನಕ್ಕೆ ಬಂದರೆ ಇವತ್ತು ರಾತ್ರಿ ಹತ್ತರೊಳಗೆ ಫಾರ್ಮ್ ತುಂಬಿ."

ಹೋಲಿಕೆಯ ಮಾತು ಬೇಡವೇ ಬೇಡ. ಒಬ್ಬರನ್ನು 'ಅತ್ಯುತ್ತಮ ಜಡ್ಜ್' ಅಂದರೆ ನಾಳೆ ಬೇರೆ ಕೋಣೆ ಸಿಕ್ಕ ಟೀಮಿಗೆ ತಮಗೆ ಎರಡನೇ ದರ್ಜೆಯವರು ಸಿಕ್ಕರು ಅನಿಸುತ್ತದೆ.

ಸರ್, ಮೇಡಂ ಅನ್ನುವ ಅಭ್ಯಾಸವನ್ನೂ ಇಲ್ಲಿ ಸ್ವಲ್ಪ ಬದಿಗಿಡಿ. ಜಡ್ಜ್ ಅಂದ ಕೂಡಲೇ ನಮಗೆ ನರೆಗೂದಲು ನೆನಪಾಗುತ್ತದೆ. ಇಲ್ಲಿ ಎಷ್ಟೋ ಜಡ್ಜ್‌ಗಳು ಇನ್ನೂ ಓದುತ್ತಿರುವವರು, ಅವರ ಮುಂದೆ ಮಾತಾಡುವವರೇ ವಯಸ್ಸಿನಲ್ಲಿ ದೊಡ್ಡವರಿರಬಹುದು. ಬರೀ ಹೆಸರು ಸಾಕು, ಅಗೌರವ ಅಲ್ಲ. ಶಾಲು, ಪೇಟ ಹಾಕುವುದಾದರೆ ಎಲ್ಲರಿಗೂ ಒಂದೇ ಥರದ್ದು, ಇಲ್ಲದಿದ್ದರೆ ಯಾರಿಗೂ ಬೇಡ. ತಲೆ ಮುಟ್ಟುವ ಮೊದಲು, ಹಣೆಗೆ ಕುಂಕುಮ ಇಡುವ ಮೊದಲು ಕೇಳಿ.

ಪರಿಚಯ ಮುಗಿದ ಕೂಡಲೇ ಮೈಕ್ ಚೀಫ್ ಅಡ್ಜುಡಿಕೇಟರ್ ಕೈಗೆ. ಮುಂದಿನ ನಿಯಮದ ವಿವರಣೆ ಅವರದ್ದು. ನಿರೂಪಕರು ಪಕ್ಕದಲ್ಲಿ ನಿಂತು "ಎಷ್ಟು ಚೆನ್ನಾಗಿ ಹೇಳಿದರು ಅಲ್ವಾ" ಅನ್ನುವುದು ಬೇಡ, ಇಳಿದು ಹೋಗಿ ಕೂರಿ.

## ಹಂತ 7: ಕೋಣೆಯೊಳಗೆ, ಪ್ರತಿ ಸುತ್ತಿಗೂ ಮೊದಲು

ದೊಡ್ಡ ವೇದಿಕೆಯ ಪರಿಚಯ ಒಂದು ಸಲ. ಕೋಣೆಯೊಳಗಿನದು ಪ್ರತಿ ಸುತ್ತಿಗೂ. ವರ್ಲ್ಡ್ಸ್ ಮಾದರಿಯಲ್ಲಿ ಒಂಬತ್ತು ಸುತ್ತು ಅಂದರೆ ಒಂಬತ್ತು ಸಲ. ಇದು ಚೇರ್ ಕೆಲಸ. ಹೊಸ ಚೇರ್‌ಗಳು ಇದನ್ನು ಬಿಟ್ಟು ನೇರ "ಪ್ರೈಮ್ ಮಿನಿಸ್ಟರ್" ಅಂತ ಮೊದಲ ಸ್ಪೀಕರನ್ನು ಕರೆದುಬಿಡುತ್ತಾರೆ.

ಎರಡು ನಿಮಿಷದ ಕೆಲಸ ಇದು. ಚೇರ್ ತನ್ನ ಹೆಸರು ಹೇಳಬೇಕು. ಆಮೇಲೆ ಪಕ್ಕದ ಪ್ಯಾನೆಲಿಸ್ಟ್‌ಗಳದ್ದು, ಅಂದರೆ ಜೊತೆಗೆ ಕೂತು ತೀರ್ಪು ಕೊಡುವ ಜಡ್ಜ್‌ಗಳದ್ದು. ಟ್ರೈನಿ ಇದ್ದರೆ ಅವರು ಕಲಿಯಲು ಬಂದವರು, ತೀರ್ಪಿನಲ್ಲಿ ಮತ ಇಲ್ಲ ಅಂತ ಸ್ಪಷ್ಟವಾಗಿ ಹೇಳಬೇಕು. ನಂತರ ಓಪನಿಂಗ್ ಗವರ್ನಮೆಂಟ್, ಓಪನಿಂಗ್ ಅಪೋಸಿಷನ್, ಕ್ಲೋಸಿಂಗ್ ಗವರ್ನಮೆಂಟ್, ಕ್ಲೋಸಿಂಗ್ ಅಪೋಸಿಷನ್, ಈ ಕ್ರಮದಲ್ಲಿ (ಗವರ್ನಮೆಂಟ್ ಅಂದರೆ ವಿಷಯದ ಪರ, ಅಪೋಸಿಷನ್ ಅಂದರೆ ವಿರೋಧ) ಸ್ಪೀಕರ್‌ಗಳನ್ನೇ ಹೆಸರು ಹೇಳಿಕೊಳ್ಳಲು ಬಿಡಬೇಕು. ಯಾರು ಮೊದಲು, ಯಾರು ನಂತರ ಮಾತಾಡುತ್ತಾರೆ ಅಂತಲೂ ಕೇಳಿ ಬರೆದುಕೊಳ್ಳಬೇಕು. ಇಲ್ಲದಿದ್ದ ಕಡೆ ಇಬ್ಬರ ಅಂಕ ಅದಲುಬದಲಾಗಿ, ಟ್ಯಾಬಿನವರು ಮಧ್ಯರಾತ್ರಿ ಚೇರ್‌ಗೆ ಫೋನ್ ಮಾಡುತ್ತಾ ಕೂತಿರುತ್ತಾರೆ.

ಕೊನೆಗೆ ಗಂಟೆಯ ವಿಷಯ. ಒಂದನೇ ನಿಮಿಷಕ್ಕೆ ಒಂದು ಸದ್ದು, ಆರಕ್ಕೆ ಒಂದು, ಏಳಕ್ಕೆ ಎರಡು. ಮೊದಲ ಮತ್ತು ಕೊನೆಯ ನಿಮಿಷದಲ್ಲಿ ಎದುರಿನವರು ಪ್ರಶ್ನೆ ಎತ್ತುವ ಹಾಗಿಲ್ಲ. ಗೊತ್ತಿರುವವರಿಗೆ ಇದು ಬೇಸರ, ಮೊದಲ ಸಲ ಬಂದವರಿಗೆ ಧೈರ್ಯ. ಕೊನೆಯ ಕೆಲವು ಸುತ್ತುಗಳಲ್ಲಿ ಫಲಿತಾಂಶ ಅಲ್ಲೇ ಹೇಳುವುದಿಲ್ಲ, ವರ್ಲ್ಡ್ಸ್‌ನಲ್ಲಿ 7ರಿಂದ 9ರವರೆಗೆ ಹಾಗೆ. ಅದನ್ನೂ ಚೇರ್ ಮೊದಲೇ ನೆನಪಿಸಿದರೆ ಸುತ್ತು ಮುಗಿದ ಮೇಲೆ ಬಾಗಿಲಲ್ಲಿ ಯಾರೂ ಕಾಯುವುದಿಲ್ಲ.

## ಹಂತ 8: ಬ್ರೇಕ್ ಮತ್ತು ಫೈನಲ್

ಮುಂದಿನ ಹಂತಕ್ಕೆ ಹೋದ ಟೀಮ್‌ಗಳನ್ನು ಘೋಷಿಸುವುದಕ್ಕೆ ಬ್ರೇಕ್ ಅನ್ನುತ್ತಾರೆ. ಜಡ್ಜ್‌ಗಳಿಗೂ ಬ್ರೇಕ್ ಇದೆ. ನಾಕೌಟ್ ಸುತ್ತುಗಳಿಗೆ ಆಯ್ಕೆಯಾದವರ ಪಟ್ಟಿ ಅದು, ಅವರಿಗೂ ಅದು ಗೆಲುವೇ. ಅದನ್ನು ಗಡಿಬಿಡಿಯಲ್ಲಿ ಓದಿ ಮುಗಿಸಬೇಡಿ. ಟೀಮ್‌ಗಳಿಗಿಂತ ಮೊದಲು ಜಡ್ಜ್‌ಗಳದ್ದು ಓದಿ. ಆಮೇಲೆ ಓದಿದರೆ ಯಾರೂ ಕೇಳಿಸಿಕೊಳ್ಳುವುದಿಲ್ಲ, ಅರ್ಧ ಸಭೆ ಅಳುತ್ತಿರುತ್ತದೆ, ಇನ್ನರ್ಧ ಕುಣಿಯುತ್ತಿರುತ್ತದೆ.

ಓದುವ ಪಟ್ಟಿ ಟ್ಯಾಬಿನಿಂದ ನೇರ ಮುದ್ರಿಸಿದ್ದಾಗಿರಲಿ. ಯಾರೋ ಕೈಯಲ್ಲಿ ನಕಲು ಮಾಡಿದ ಪಟ್ಟಿ ಬಂದರೆ ನಿಲ್ಲಿಸಿ. ಒಂದು ಹೆಸರು ಬಿಟ್ಟುಹೋಗಿ, ಐದು ನಿಮಿಷದ ನಂತರ ಮತ್ತೆ ಮೈಕ್ ಹಿಡಿದು ಹೇಳುವುದಕ್ಕಿಂತ ದೊಡ್ಡ ಮುಜುಗರ ಇಲ್ಲ.

ಫೈನಲ್ ಪ್ಯಾನೆಲ್ ದೊಡ್ಡದು, ಸಾಮಾನ್ಯವಾಗಿ ಏಳೋ ಒಂಬತ್ತೋ ಜನ. ಇಲ್ಲಿ ಹೊರಗಿನ ಪ್ರೇಕ್ಷಕರೂ ಇರುತ್ತಾರೆ, ಪ್ರೊಫೆಸರ್‌ಗಳು, ಅಪ್ಪ-ಅಮ್ಮಂದಿರು. ಅವರಿಗಾಗಿ ಪರಿಚಯಕ್ಕೆ ಒಂದು ವಾಕ್ಯ ಜಾಸ್ತಿ ಸೇರಿಸಬಹುದು, ಈ ಫೈನಲ್ಲಿನಲ್ಲಿ ಗೆಲ್ಲುವುದು ಒಂದೇ ಟೀಮ್, ಉಳಿದ ಮೂರಕ್ಕೆ ಸ್ಥಾನ ಕೊಡುವುದಿಲ್ಲ ಅಂತ. ಪ್ಯಾನೆಲನ್ನು ಕೂತ ಸಾಲಿನ ಕ್ರಮದಲ್ಲೇ, ಎಡದಿಂದ ಬಲಕ್ಕೆ ಕರೆಯಿರಿ, ಚೇರ್ ಕೊನೆಗೆ. ಕಾರ್ಡುಗಳನ್ನು ಅದೇ ಕ್ರಮದಲ್ಲಿ ಜೋಡಿಸಿ, ಮೂಲೆಯಲ್ಲಿ ನಂಬರ್ ಹಾಕಿ. ಕೈ ನಡುಗಿ ಕೆಳಗೆ ಬಿದ್ದರೂ ಮತ್ತೆ ಜೋಡಿಸಿಕೊಳ್ಳಬಹುದು. ನನ್ನ ಕೈಯಿಂದ ಬಿದ್ದಿವೆ.

ಫೈನಲ್ ಆದ ಮೇಲೆ ಆ ಕಾರ್ಡುಗಳನ್ನು ಎಸೆಯಬೇಡಿ. ವಂದನಾರ್ಪಣೆ ಮಾಡುವವರ ಕೈಗೆ ಕೊಡಿ. ಅವರು ಇಷ್ಟು ಹೊತ್ತೂ ಅಡುಗೆಯವರ ಹತ್ತಿರ ಇದ್ದು, ಈಗ ತಾನೆ ಓಡಿಬಂದಿರುತ್ತಾರೆ, ಅವರಿಗೆ ಒಬ್ಬರ ಹೆಸರೂ ಬರುವುದಿಲ್ಲ.